ತಾಳಗುಂದದ ಕಂಬ ಹೇಳಿದ ಕತೆ

ಮಯೂರ ಸಿನಿಮಾ ನಮ್ಮೂರಿನ ಟೂರಿಂಗ್ ಟಾಕೀಸಿಗೆ ಬಂದು ಹೋದ ಮೇಲೆ ಶಾಲೆಯ ಮರದ ಸ್ಕೇಲುಗಳಿಗೆ ಉಳಿಗಾಲವಿಲ್ಲದಂತಾಯಿತು. 1975ರಲ್ಲಿ ತೆರೆಕಂಡ ಆ ಚಿತ್ರ ಹಳ್ಳಿಗಳ ಟೆಂಟುಗಳಿಗೆ ಮತ್ತೆ ಮತ್ತೆ ಬರುತ್ತಿದ್ದ ಕಾಲ ಅದು. ರಾಜ್‌ಕುಮಾರ್ ಕತ್ತಿ ಹಿರಿದು ನಿಂತದ್ದನ್ನು ನೋಡಿ ಬಂದ ಹುಡುಗರೆಲ್ಲ ಊಟದ ಬಿಡುವಿನಲ್ಲಿ ಮಯೂರರೇ. ಮಯೂರನ ಎದುರಾಳಿ ಪಲ್ಲವನಾಗಲು ಮಾತ್ರ ಯಾರೂ ಒಪ್ಪುತ್ತಿರಲಿಲ್ಲ. ಚೀಟಿ ಎತ್ತಿ, ಸೋತವನನ್ನು ಪಲ್ಲವರ ಕಡೆಗೆ ತಳ್ಳಬೇಕಿತ್ತು.

ಒಂದು ಮಧ್ಯಾಹ್ನ ಈ ಯುದ್ಧದ ನಡುವೆ ನಮ್ಮ ಕನ್ನಡ ಮೇಷ್ಟ್ರು ಬಂದು ನಿಂತರು. ಗದರಲಿಲ್ಲ, ಸ್ಕೇಲು ಕಿತ್ತುಕೊಳ್ಳಲಿಲ್ಲ. “ಇವನ ಕತೆ ಕಲ್ಲಿನ ಮೇಲೆ ಬರೆದಿದೆ ಕಣ್ರೋ. ಇಲ್ಲಿಂದ ಒಂದು ಬಸ್ಸಿನ ದಾರಿ. ಓದ್ಕೊಂಡು ಬರೋಣವಾ?” ಎಂದರು. ಆ ಸಿನಿಮಾದ ಹಿಂದೆ ದೇವುಡು ನರಸಿಂಹಶಾಸ್ತ್ರಿಗಳ ‘ಮಯೂರ’ ಕಾದಂಬರಿ ಇದೆ ಎಂಬುದೂ, ಆ ಕಾದಂಬರಿಯ ಹಿಂದೆ ಶಿಕಾರಿಪುರ ತಾಲ್ಲೂಕಿನ ತಾಳಗುಂದ ಎಂಬ ಹಳ್ಳಿಯ ಕಂಬವೊಂದು ನಿಂತಿದೆ ಎಂಬುದೂ ನಮಗೆ ತಿಳಿದದ್ದು ಅವತ್ತು.

ಸುಗ್ಗಿಯ ಕಾಲ. ಶಿರಾಳಕೊಪ್ಪದಲ್ಲಿ ಬಸ್ಸಿಳಿದು ನಡೆದೆವು. ಮೊದಲು ಬಳ್ಳಿಗಾವಿ. ಅಲ್ಲಮಪ್ರಭುವಿನ ಊರು ಅದು. ಕೇದಾರೇಶ್ವರ, ತ್ರಿಪುರಾಂತಕ ದೇವಾಲಯಗಳ ಕೆತ್ತನೆಯನ್ನು ಬಾಯಿ ತೆರೆದು ನೋಡುತ್ತ ನಿಂತರೆ ಮೇಷ್ಟ್ರು ಅವಸರಪಡಿಸಿದರು. “ಹೊತ್ತು ಇಳಿಯೋ ಮುಂಚೆ ತಾಳಗುಂದದಲ್ಲಿರಬೇಕು” ಎಂದು ಮತ್ತೆ ಮತ್ತೆ ಹೇಳಿದರು. ಕಾರಣ ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಕಲ್ಲಿನ ಬರಹವನ್ನು ನೆತ್ತಿಯ ಮೇಲಿನ ಬಿಸಿಲಿನಲ್ಲಿ ನೋಡಬಾರದು. ಓರೆಯಾಗಿ ಬೀಳುವ ಸಂಜೆ ಬಿಸಿಲಿನಲ್ಲಿ ಅಕ್ಷರದ ಗೀರಿನೊಳಗೆ ನೆರಳು ತುಂಬಿ, ಮಾಸಿದಂತಿದ್ದ ಸಾಲುಗಳೂ ಎದ್ದು ಕಾಣುತ್ತವೆ.

ಪ್ರಣವೇಶ್ವರ ದೇವಸ್ಥಾನ ಹೊರಗಿನಿಂದ ಏನೂ ಭರ್ಜರಿಯಾಗಿಲ್ಲ. ಬಳ್ಳಿಗಾವಿಯ ಸೊಬಗನ್ನು ಕಣ್ಣಲ್ಲಿ ತುಂಬಿಕೊಂಡು ಬಂದವರಿಗಂತೂ ಬೋಳು ಬೋಳು. ಒಳಗೆ ದೊಡ್ಡ ಲಿಂಗ. ಎದುರಿಗೆ ಬಯಲಿನಲ್ಲಿ ಆ ಕಂಬ. ಬೂದು ಬಣ್ಣದ ಗಟ್ಟಿ ಕಗ್ಗಲ್ಲು. ಬುಡ ಚೌಕ, ಅದರ ಮೇಲೆ ಎಂಟು ಮುಖದ ಕಾಂಡ. ಒಂದೊಂದು ಮುಖವೂ ಗೇಣಗಲಕ್ಕಿಂತ ಕಿರಿದು, ಮೇಲೆ ಹೋದಂತೆ ಇನ್ನಷ್ಟು ಸಣ್ಣದಾಗುತ್ತದೆ. ಆ ಕಿರಿದಾದ ಮುಖಗಳ ಮೇಲೆ ಬರಹ ಅಡ್ಡಡ್ಡ ಇಲ್ಲ, ಉದ್ದುದ್ದ ಇದೆ. ಸಾಲು ಕೆಳಗೆ ಶುರುವಾಗಿ ಮೇಲಕ್ಕೆ ಏರುತ್ತದೆ. ಏಳು ಮುಖಗಳಲ್ಲಿ ಎರಡೆರಡು ಸಾಲು, ಎಂಟನೆಯದರಲ್ಲಿ ಒಂದೇ ಒಂದು ಗಿಡ್ಡ ಸಾಲು. ಓದಬೇಕೆಂದರೆ ಕತ್ತು ವಾಲಿಸಿ, ತಲೆಯೆತ್ತಿ, ಕಂಬವನ್ನು ಸುತ್ತು ಹಾಕಬೇಕು.

ನಾವೆಲ್ಲ ಕತ್ತು ವಾಲಿಸಿದೆವು. ಒಂದಕ್ಷರವೂ ತಿಳಿಯಲಿಲ್ಲ. ಬ್ರಾಹ್ಮಿಯಿಂದ ಕನ್ನಡದತ್ತ ಹೊರಳುತ್ತಿದ್ದ ಲಿಪಿ, ಭಾಷೆ ಸಂಸ್ಕೃತ. ಐದನೆಯ ಶತಮಾನದ ನಡುಗಾಲದ ಬರಹ. ಮೇಷ್ಟ್ರು ಕಂಕುಳಲ್ಲಿ ಒಂದು ದಪ್ಪ ಪುಸ್ತಕ ಹಿಡಿದು ಬಂದಿದ್ದರು. ಮೈಸೂರು ಸೀಮೆಯ ಶಾಸನಗಳನ್ನು ಊರೂರು ಸುತ್ತಿ ಕಲೆಹಾಕಿದ ಬಿ. ಎಲ್. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟ. ಅದರಲ್ಲಿ ಈ ಕಂಬಕ್ಕೆ ಒಂದು ವಿಳಾಸವಿದೆ: ಶಿಕಾರಿಪುರ 176. ಶಾಸನಗಳ ಜೊತೆ ಬಾಳುವವರು ಇಂದಿಗೂ ಈ ಸಂಖ್ಯೆ ಹೇಳಿದರೆ ಸಾಕು, ತಾಳಗುಂದ ಎಂದು ಗುರುತು ಹಿಡಿಯುತ್ತಾರೆ. ರೈಸರಿಂದ ಈ ಕಂಬ ವಿದ್ವಾಂಸರ ಕಣ್ಣಿಗೆ ಬಿತ್ತು. ಬ್ಯೂಲರ್ 1895ರಲ್ಲಿ ಅದರ ಬಗ್ಗೆ ಬರೆದರು. ಆಮೇಲೆ ಕೀಲ್‌ಹಾರ್ನ್ ಎಂಬ ಇನ್ನೊಬ್ಬ ಜರ್ಮನ್ ಪಂಡಿತರು ‘ಎಪಿಗ್ರಾಫಿಯಾ ಇಂಡಿಕಾ’ದ ಎಂಟನೆಯ ಸಂಪುಟದಲ್ಲಿ ಪಾಠವನ್ನು ತಿದ್ದಿ ತೀಡಿ ಅಚ್ಚು ಮಾಡಿದರು. ಮೂವತ್ನಾಲ್ಕು ಪದ್ಯಗಳು. ಮೊದಲ 24 ಪದ್ಯಗಳಂತೂ ಶಾಸನಗಳಲ್ಲಿ ತೀರಾ ಅಪರೂಪವಾದ ಮಾತ್ರಾಛಂದಸ್ಸಿನಲ್ಲಿವೆ.

ಹೊತ್ತು ಮುಳುಗಿತು. ವಾಪಸು ಹೋಗುವ ಬಸ್ಸು ಇರಲಿಲ್ಲ, ಅಥವಾ ಮೇಷ್ಟ್ರು ಮೊದಲೇ ಹಾಗೆ ಎಣಿಸಿದ್ದರೋ ಏನೋ. ಊರಿನ ರೈತರೊಬ್ಬರು ತಮ್ಮ ಕಣಕ್ಕೆ ಕರೆದರು. ಭತ್ತದ ಬಣವೆ, ಒಕ್ಕಿದ ರಾಶಿ, ಕಾವಲಿಗೆ ಮಲಗುವವರ ಕಂಬಳಿ, ನಡುವೆ ದೊಡ್ಡ ಬೆಂಕಿ. ಮಲೆನಾಡಿನ ಅಂಚಿನ ಆ ಚಳಿಯಲ್ಲಿ ಬೆಂಕಿಯ ಸುತ್ತ ಕೂತು, ಅವರು ಕೊಟ್ಟ ರೊಟ್ಟಿ ತಿಂದು, ನಾವು ಕತೆಗೆ ಕಾದೆವು. ಕಣ ಕಾಯುವವರೂ ಬಂದು ಕೂತರು. ಮೇಷ್ಟ್ರು ಪುಸ್ತಕ ತೆರೆಯಲಿಲ್ಲ. ಬಾಯಿಂದಲೇ ಹೇಳಿದರು. ಅವರು ಹೇಳಿದ ಕ್ರಮದಲ್ಲೇ ನಾನೂ ಹೇಳುತ್ತೇನೆ.

ಕಂಬ ಶಿವನಿಗೆ ಕೈಮುಗಿದು ಮಾತು ಶುರುಮಾಡುತ್ತದೆ. ಆಮೇಲೆ ಒಂದು ಮನೆತನ. ಮಾನವ್ಯ ಗೋತ್ರದವರು, ಹಾರೀತಿಯ ಮಕ್ಕಳು ಎನಿಸಿಕೊಂಡವರು. ಯಜ್ಞದ ಸ್ನಾನದಿಂದ ಅವರ ಕೂದಲು ಸದಾ ಒದ್ದೆ. ಮನೆಯೊಳಗೆ ಎಲ್ಲೆಲ್ಲೂ ಓದಿನ ದನಿ. ಅವರ ಮನೆಯ ಹತ್ತಿರ ಒಂದು ಕದಂಬದ ಮರ ಹೂ ಬಿಟ್ಟು ನಿಂತಿತ್ತು. ಅದನ್ನು ಅಕ್ಕರೆಯಿಂದ ಸಾಕಿದ್ದಕ್ಕೆ ಮರದ ಹೆಸರು ಮನೆತನಕ್ಕೆ ಬಂತು. ಕದಂಬರೆಂಬ ಹೆಸರಿನ ಹುಟ್ಟು ಇಷ್ಟೇ ಸರಳ. ಆಮೇಲಿನ ಶಾಸನಗಳು ಮುಕ್ಕಣ್ಣ ಕದಂಬ, ಶಿವನ ಬೆವರಹನಿ ಎಂದೆಲ್ಲ ಅದ್ಭುತಗಳನ್ನು ಸೇರಿಸಿವೆ. ಮೊದಲಿಗರು ಅಂಗಳದ ಮರವೊಂದರ ಹೆಸರನ್ನು ಹೇಳಿಕೊಳ್ಳಲು ನಾಚಲಿಲ್ಲ. ಆ ಮರದ ಹೆಸರು ಇವತ್ತು ಗೋವಾದ ಸರ್ಕಾರಿ ಬಸ್ಸುಗಳ ಮೇಲಿದೆ, ಕಾರವಾರದ ನೌಕಾನೆಲೆಯ ಮೇಲೂ ಇದೆ.

“ಅಂದ್ರೆ ಅವನು ರಾಜಕುಮಾರ ಅಲ್ವಾ ಸಾರ್?” ಎಂದ ನಮ್ಮಲ್ಲೊಬ್ಬ. ಸಿನಿಮಾದಲ್ಲಿ ಮಯೂರ ರಾಜವಂಶದ ಕುಡಿ.

“ಅಲ್ಲ. ಓದೋ ಹುಡುಗ. ನಿಮ್ಮ ಹಾಗೆ.”

ಆ ಹುಡುಗನ ಹೆಸರು ಮಯೂರಶರ್ಮ. ಕಂಬದ ಮೇಲೆ ‘ವರ್ಮ’ ಅಲ್ಲ, ‘ಶರ್ಮ’ ಎಂದೇ ಇದೆ. ವರ್ಮ ಎಂಬ ಕ್ಷತ್ರಿಯರ ಬಿರುದು ಅವನ ಮಗ ಕಂಗವರ್ಮನಿಂದ ಆಚೆಗೆ. ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಪಲ್ಲವರ ರಾಜಧಾನಿ ಕಂಚಿಗೆ ಹೋದ. ಅಲ್ಲಿಯ ಘಟಿಕೆ, ಎಂದರೆ ದೊಡ್ಡ ವಿದ್ಯಾಸ್ಥಾನ, ಸೇರಿ ವೇದವನ್ನೆಲ್ಲ ಪೂರ್ತಿ ಕಲಿಯಬೇಕೆಂಬ ಆಸೆ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಯಿತು. ಯಾತಕ್ಕೆ ಜಗಳ, ಯಾರು ಯಾರಿಗೆ ಏನಂದರು ಎಂದು ಕಂಬ ಬಿಡಿಸಿ ಹೇಳುವುದಿಲ್ಲ. ಘೋರವಾದ ಕಲಹ ಎನ್ನುತ್ತದೆ, ಅಷ್ಟೆ. ಆದರೆ ಆ ಹುಡುಗನ ಒಳಗೆ ಎದ್ದ ಮಾತನ್ನು ಮಾತ್ರ ಹಾಗೇ ಇಟ್ಟಿದೆ: ಎಂಥ ಕಾಲ ಬಂತು! ಗುರುಕುಲಗಳಲ್ಲಿ ಸೇವೆ ಮಾಡಿ, ಕಷ್ಟಪಟ್ಟು ಓದಿದರೂ ಓದಿನ ಸಿದ್ಧಿ ರಾಜನ ಕೈಯಲ್ಲಿದೆಯಲ್ಲ, ಇದಕ್ಕಿಂತ ದುಃಖ ಬೇರೆ ಏನಿದೆ?

ಇಲ್ಲಿ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಾದರು. ಆ ಮಾತಿನಲ್ಲಿ ಹುಟ್ಟಿನ ಹಮ್ಮೂ ಇದೆ, ಬ್ರಾಹ್ಮಣನಾದ ನನಗೆ ಹೀಗಾಯಿತಲ್ಲ ಎಂಬ ಕ್ಷೋಭೆಯೂ ಇದೆ. ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಕಲಿತವನ ಬದುಕು ಅಧಿಕಾರದವನ ಮರ್ಜಿಗೆ ತೂಗುಬೀಳುವ ಸಂಕಟ ಅದರಲ್ಲಿದೆ. ಆ ಸಂಕಟವನ್ನು ಬಲ್ಲವರು ಎಲ್ಲ ಜಾತಿಯಲ್ಲೂ, ಎಲ್ಲ ಕಾಲದಲ್ಲೂ ಇದ್ದಾರೆ. ಬೆಂಕಿಯ ಆಚೆ ಕೂತಿದ್ದ ಒಬ್ಬ ಹಿರಿಯರು ಆ ಮಾತಿಗೆ ತಲೆಯಾಡಿಸಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ.

ಮುಂದಿನದು ಇಡೀ ಕಾವ್ಯದಲ್ಲೇ ಹೆಚ್ಚು ಹೆಸರಾದ ಪದ್ಯ. ದರ್ಭೆ ಹಿಡಿದು, ಸಮಿತ್ತು ಹಿಡಿದು, ತುಪ್ಪ ಹೊಯ್ಯುವ ಸೌಟು ಹಿಡಿದು ಪಳಗಿದ ಕೈ. ಆ ಕೈ ಹೊಳೆಯುವ ಕತ್ತಿಯನ್ನು ಒರೆಯಿಂದ ಎಳೆಯಿತು. ಕವಿ ಇದಕ್ಕೆ ಆರ್ಭಟ ಬೆರೆಸಿಲ್ಲ. ಆ ಕೈ ನಿನ್ನೆಯವರೆಗೆ ಏನೇನನ್ನು ಹಿಡಿದಿತ್ತೆಂದು ಒಂದೊಂದಾಗಿ ಎಣಿಸಿ, ಕೊನೆಗೆ ಕತ್ತಿಯ ಹೆಸರು ಹೇಳುತ್ತಾನೆ. ಹೀಗೆ ಎಣಿಸುವುದರಿಂದಲೇ ನಮ್ಮ ಎದೆ ಝಲ್ಲೆನ್ನುತ್ತದೆ. ಇಷ್ಟು ವರ್ಷ ಶಾಸನಗಳನ್ನು ಓದಿದ ಮೇಲೂ ಇದಕ್ಕೆ ಸಮನಾದ ಪದ್ಯ ನನಗೆ ಹೆಚ್ಚು ಸಿಕ್ಕಿಲ್ಲ.

ಹುಡುಗರೆಲ್ಲ ನೆಟ್ಟಗೆ ಕೂತರು. ಇನ್ನು ಯುದ್ಧ ಬರಬೇಕು.

ಯುದ್ಧ ಬಂತು, ಆದರೆ ನಾವು ಟೆಂಟಿನಲ್ಲಿ ನೋಡಿದ ಹಾಗಲ್ಲ. ಮಯೂರಶರ್ಮ ಪಲ್ಲವರ ಗಡಿ ಕಾಯುವವರನ್ನು ಸೋಲಿಸಿ ಶ್ರೀಪರ್ವತದ ಬಾಗಿಲವರೆಗೆ ಹಬ್ಬಿದ ದುರ್ಗಮವಾದ ಕಾಡು ಸೇರಿಕೊಂಡ. ಇಂದು ನಾವು ಶ್ರೀಶೈಲ ಎನ್ನುವ ಕಡೆಯ ಕಾಡು. ಬೃಹದ್ಬಾಣ ಮೊದಲಾದ ಅರಸರಿಂದ ಕಪ್ಪ ಎತ್ತಿದ. ಪಲ್ಲವರ ಸೈನ್ಯ ಬಂದಾಗ ಎದುರಿಗೆ ನಿಲ್ಲಲಿಲ್ಲ, ರಾತ್ರಿಯಲ್ಲಿ ಗಿಡುಗನಂತೆ ಎರಗಿದ. ಕಾಡಿನ ಬಲ ನಂಬಿದವನ ಹೋರಾಟ ಅದು. ಕಂಚಿಗೆ ಮುತ್ತಿಗೆ ಹಾಕಿದ, ಪಲ್ಲವನ ಎದೆ ಮೆಟ್ಟಿ ಬಾವುಟ ನೆಟ್ಟ ಎಂದು ಕಂಬ ಎಲ್ಲೂ ಹೇಳುವುದಿಲ್ಲ. ಈ ಮನುಷ್ಯನನ್ನು ಮಣಿಸುವುದು ಕಷ್ಟ, ಇವನ ಗುಣವೂ ಕುಲವೂ ಒಳ್ಳೆಯದು ಎಂದು ಕಂಡ ಪಲ್ಲವರು ಸ್ನೇಹದ ಕೈ ಚಾಚಿದರು. ಅವನೂ ಒಪ್ಪಿದ. ಅವರ ಪರವಾಗಿ ಯುದ್ಧಗಳಲ್ಲಿ ಶೌರ್ಯ ತೋರಿದ. ಅವರ ಕೈಯಿಂದಲೇ ಪಟ್ಟ ಕಟ್ಟಿಸಿಕೊಂಡ. ಪಡುಗಡಲ ಅಲೆಗಳಿಂದ ಪ್ರೇಹರದವರೆಗಿನ ನೆಲ ಅವನದಾಯಿತು, ಬೇರೆಯವರು ಅದರೊಳಗೆ ಕಾಲಿಡಕೂಡದೆಂಬ ಕಟ್ಟಳೆಯ ಜೊತೆಗೆ.

“ಅಯ್ಯೋ! ಅವರ ಹತ್ರನೇ ಹೋಗಿ ಸೇರ್ಕೊಂಡ್ನಾ?” ನಮ್ಮ ತಂಡದ ಮಹಾ ಮಯೂರ ಅಳುವಷ್ಟಾಗಿದ್ದ.

ಮೇಷ್ಟ್ರು ಅವನಿಗೆ ಕೊಟ್ಟ ಉತ್ತರ ನನಗೆ ದೊಡ್ಡದಾಗಿ ಕಂಡಿತು. “ಇದನ್ನು ಬರೆಸಿದವರು ಅವನ ಮರಿಮಕ್ಕಳು ಕಣೋ. ಕಲ್ಲು ಅವರದು, ಕವಿ ಅವರವನು. ಮುತ್ತಾತ ಕಂಚಿ ಸುಟ್ಟ ಅಂತ ಬರೆಸಿದ್ರೆ ಯಾರು ಕೇಳ್ತಿದ್ರು? ಬರೆಸಲಿಲ್ಲ ನೋಡು.”

ಆ ಮಾತು ನನ್ನ ಜೊತೆ ಬೆಳೆದಿದೆ. ಜಗತ್ತಿನ ಅರಸರೆಲ್ಲ ಕಲ್ಲಿನ ಮೇಲೆ ಗೆಲುವನ್ನೇ ಕೆತ್ತಿಸುತ್ತಾರೆ. ಕದಂಬರು ತಮ್ಮ ಹಿರೀಕನಿಗೆ ಆದ ಅವಮಾನವನ್ನು ಸುಮಾರು ನೂರು ವರ್ಷ ಎದೆಯಲ್ಲಿಟ್ಟುಕೊಂಡು, ಸಿಂಹಾಸನದ ಮೇಲೆ ಗಟ್ಟಿಯಾಗಿ ಕೂತ ಕಾಲದಲ್ಲಿ, ಎಲ್ಲರೂ ಓದುವಂತೆ ಕೆತ್ತಿಸಿದರು. ಅದರ ಜೊತೆಗೆ ಆ ಹಿರೀಕ ಕೊನೆಗೆ ರಾಜಿ ಮಾಡಿಕೊಂಡದ್ದನ್ನೂ ಬಿಡದೆ ಕೆತ್ತಿಸಿದರು. ಈ ಪ್ರಾಮಾಣಿಕತೆಗಾಗಿ ನಾನು ಆ ಮನೆತನವನ್ನು ಗೌರವಿಸುತ್ತೇನೆ.

ಮಯೂರಶರ್ಮನ ನಂತರದ ಅರಸರು ಬೇಗ ಬೇಗ ಬಂದು ಹೋಗುತ್ತಾರೆ: ಕಂಗವರ್ಮ, ಭಗೀರಥ, ರಘು. ರಘುವಿನ ತಮ್ಮ ಕಾಕುಸ್ಥವರ್ಮ. ಇವನ ಬಳಿ ಕವಿ ಮತ್ತೆ ನಿಲ್ಲುತ್ತಾನೆ. ಬಿಸಿಲಲ್ಲಿ ಬಳಲಿದ ಜಿಂಕೆಗಳು ಮರದ ನೆರಳಿಗೆ ಬರುವ ಹಾಗೆ ನೆಂಟರೂ ಆಶ್ರಿತರೂ ಇವನ ಬಳಿಗೆ ಬಂದರಂತೆ. ಗುಪ್ತರೇ ಮೊದಲಾದ ಅರಸುಮನೆಗಳೆಂಬ ತಾವರೆಗಳನ್ನು ಈ ಸೂರ್ಯ ತನ್ನ ಕಿರಣಗಳಿಂದ ಅರಳಿಸಿದನಂತೆ. ಆ ಕಿರಣಗಳೆಂದರೆ ಅವನ ಹೆಣ್ಣುಮಕ್ಕಳು. ಉತ್ತರದ ಗುಪ್ತ ಸಾಮ್ರಾಟರ ಮನೆಗೆ ಕದಂಬರ ರಾಜಧಾನಿ ಬನವಾಸಿಯಿಂದ ಹೆಣ್ಣು ಹೋದದ್ದು ನಮಗೆ ತಿಳಿಯುವುದು ಈ ಸಾಲಿನಿಂದ. ಆ ಹುಡುಗಿಯರ ಹೆಸರು ಮಾತ್ರ ಕಂಬದ ಮೇಲಿಲ್ಲ. ಕಡಲಿಂದ ಗಂಗೆಯ ಬಯಲಿನ ತನಕ ನಂಟು ಕಟ್ಟಿದವರು ಹೆಸರಿಲ್ಲದೆ ಹೋದರು, ಇದು ನನಗೆ ನೋವಿನ ಸಂಗತಿ. ಅದೇ ದೇವಾಲಯದ ಬಾಗಿಲಿನ ಶಾಸನದಲ್ಲಿ ಮೃಗೇಶವರ್ಮನ ರಾಣಿ, ರವಿವರ್ಮನ ತಾಯಿ, ಕೇಕಯ ಕುಲದ ಪ್ರಭಾವತಿಯ ಹೆಸರು ಇದೆ ಎನ್ನುವುದು ಅಷ್ಟಿಷ್ಟು ಸಮಾಧಾನ.

ಕತೆ ಮುಗಿಯಿತೆಂದು ನಾವು ಕಂಬಳಿ ಎಳೆದುಕೊಳ್ಳುತ್ತಿದ್ದೆವು. ಆಗ ತಲೆಯಾಡಿಸಿದ್ದ ಆ ಹಿರಿಯರು ಬೆಂಕಿಗೆ ಒಂದು ಕೊಂಟೆ ತಳ್ಳಿ ಕೇಳಿದರು: “ಅಲ್ಲ ಮೇಷ್ಟ್ರೇ, ಇಷ್ಟೆಲ್ಲ ಬರೆಸೋಕೆ ಕಂಬ ಯಾಕೆ ನಿಲ್ಲಿಸಿದ್ರು? ಏನಾರ ಕೊಟ್ಟಿರ್ಬೇಕಲ್ಲ? ಹೊಲ ಕೊಟ್ರೋ, ಗದ್ದೆ ಕೊಟ್ರೋ?”

ಹುಟ್ಟಿದಾಗಿನಿಂದ ಶಾಸನದ ಕಲ್ಲುಗಳ ನಡುವೆ ಬದುಕಿದವರ ಪ್ರಶ್ನೆ ಅದು. ಕಲ್ಲು ನಿಂತಿದೆ ಎಂದರೆ ಕೊಟ್ಟದ್ದೇನೋ ಇರಲೇಬೇಕು. ಮೇಷ್ಟ್ರ ಮುಖ ಅರಳಿತು. ಇಡೀ ರಾತ್ರಿ ಅವರು ಕಾಯುತ್ತಿದ್ದ ಪ್ರಶ್ನೆ ಅದೇ ಇರಬೇಕು.

“ಕೆರೆ” ಎಂದರು. “ಈ ಕಂಬ ನಿಂತಿರೋದು ಕೆರೆಗಾಗಿ.”

ಶಾತಕರ್ಣಿಯಂಥ ಹಿಂದಿನ ಅರಸರೂ ಪೂಜಿಸಿದ್ದ ಈ ಶಿವಾಲಯದ ಬಳಿ, ನೀರು ಸಮೃದ್ಧವಾಗಿ ಸಿಗಲೆಂದು ಕಾಕುಸ್ಥವರ್ಮ ದೊಡ್ಡ ಕೆರೆಯೊಂದನ್ನು ಕಟ್ಟಿಸಿದ. ಅದನ್ನು ನೆನೆದು ಅವನ ಮಗ ಶಾಂತಿವರ್ಮನ ಕಾಲದಲ್ಲಿ ಈ ಕಾವ್ಯ ಹುಟ್ಟಿತು. ಕುದುರೆ ಸವಾರನ ಜಗಳ, ಕತ್ತಿ, ಕಾಡು, ಪಟ್ಟ, ಮದುವೆ, ಎಲ್ಲವೂ ಕೆರೆಯ ಬಳಿಗೆ ನಮ್ಮನ್ನು ಕರೆದುತರುವ ದಾರಿ. ಬರೆದವನು ಕುಬ್ಜ. ರಾಜನ ಅಪ್ಪಣೆಯಂತೆ ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆ ಎಂದು ಹೇಳಿಕೊಂಡಿದ್ದಾನೆ. ಕನ್ನಡ ನೆಲದಲ್ಲಿ ತನ್ನ ಕಾವ್ಯದ ಜೊತೆ ತನ್ನ ಹೆಸರನ್ನೂ ಹೀಗೆ ಕಲ್ಲಿಗೆ ಒಪ್ಪಿಸಿದ ಮೊದಮೊದಲ ಕವಿಗಳಲ್ಲಿ ಅವನೊಬ್ಬ. ಅವನ ಊರು, ತಂದೆತಾಯಿ, ಬೇರೆ ಕೃತಿ ಯಾವುದೂ ಉಳಿದಿಲ್ಲ. ಉಳಿದದ್ದು ಈ ಕಂಬ.

ಕೆರೆ ಎಂಬ ಮಾತು ಬಂದದ್ದೇ ತಡ, ಕಣದವರ ಕಳೆಯೇ ಬದಲಾಯಿತು. ಅಲ್ಲಿಯವರೆಗೆ ಸುಮ್ಮನೆ ಕೇಳುತ್ತಿದ್ದವರೆಲ್ಲ ಒಟ್ಟಿಗೆ ಮಾತಿಗಿಳಿದರು. ಏರಿಯ ಮಾತು, ತೂಬಿನ ಮಾತು, ಹೂಳು, ಕೋಡಿ ಬಿದ್ದ ವರ್ಷ, ನೀರುಗಂಟಿಯ ಕೆಲಸ ಯಾರ ಮನೆಯವರದ್ದಾಗಿತ್ತು ಎಂಬುದರ ತನಕ. ಶಿಕಾರಿಪುರ, ಸೊರಬದ ಸೀಮೆಯಲ್ಲಿ ಊರಿಗೊಂದು ಕೆರೆ ಎನ್ನುವುದು ಬರೀ ಮಾತಲ್ಲ, ಕೆಲವೂರಿಗೆ ನಾಲ್ಕೈದಿವೆ. ಮಯೂರಶರ್ಮನ ಕತ್ತಿಯ ಬಗ್ಗೆ ಅವರಿಗೆ ಹೇಳಲು ಏನೂ ಇರಲಿಲ್ಲ. ಕಾಕುಸ್ಥವರ್ಮನ ಕೆರೆಯ ಬಗ್ಗೆ ಬೆಂಕಿ ಕೆಂಡವಾಗುವವರೆಗೆ ಮಾತಿತ್ತು. ಒಂದು ಸಾವಿರದೈನೂರು ವರ್ಷದ ಹಿಂದಿನ ದೊರೆಯನ್ನು ಅವರು ತಮ್ಮ ಪಂಚಾಯಿತಿಯ ಹಿರಿಯನೊಬ್ಬನ ಕೆಲಸವನ್ನು ತೂಗಿ ನೋಡುವ ಹಾಗೆ ತೂಗಿ ನೋಡಿದರು. ಒಳ್ಳೆ ಕೆಲಸ ಮಾಡಿದಾನೆ ಎಂದು ತೀರ್ಪು ಕೊಟ್ಟರು.

ಬೆಳಿಗ್ಗೆ ಎಳೆಬಿಸಿಲಿನಲ್ಲಿ ಮತ್ತೆ ಕಂಬದ ಬಳಿ ಹೋದೆವು. ಈ ಸಲ ಮೇಷ್ಟ್ರು ನಮ್ಮನ್ನು ನೇರವಾಗಿ ಎಂಟನೆಯ ಮುಖದ ಎದುರು ನಿಲ್ಲಿಸಿದರು. ಒಂದೇ ಗಿಡ್ಡ ಸಾಲು. ಅಲ್ಲಿ ಕಾವ್ಯ ಮುಗಿದು ಹರಕೆ ಉಳಿದಿದೆ. ಸ್ಥಾನಕುಂದೂರಿನಲ್ಲಿ ನೆಲೆಸಿದ ಮಹಾದೇವನಿಗೆ ನಮಸ್ಕಾರ. ಸುತ್ತೆಲ್ಲ ಕಡೆಯಿಂದ ಬಂದು ಜನ ನೆಲೆಸಿದ ಈ ಊರಿಗೆ ಸಂತೋಷವಾಗಲಿ. ಪ್ರಜೆಗಳಿಗೆ ಒಳಿತಾಗಲಿ. ಸ್ಥಾನಕುಂದೂರು ಎಂದರೆ ಇದೇ ತಾಳಗುಂದ. ಅರಸನ ಕಂಬ ಅರಸನಿಗೆ ಜಯವಾಗಲಿ ಎಂದು ಮುಗಿಯದೆ ಊರಿಗೆ, ಪ್ರಜೆಗಳಿಗೆ ಹಾರೈಸಿ ಮುಗಿಯುತ್ತದೆ. ಆಚೀಚೆಯ ಊರಿಂದ ಬಂದು ಸೇರಿಕೊಂಡವರನ್ನೂ ಆ ಹಾರೈಕೆ ಹೊರಗಿಡಲಿಲ್ಲ.

ಆ ಸಾಲನ್ನು ಮೇಷ್ಟ್ರು ನಮ್ಮಿಂದ ಗಟ್ಟಿಯಾಗಿ ಹೇಳಿಸಿದರು. ಆಮೇಲೆ ಅದೇ ಊರಿನ ಇನ್ನೊಂದು ಸಂಗತಿ ಹೇಳಿದರು. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ವೇದ ಕಲಿಸುವವರ ಜೊತೆಗೆ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವವರಿಗೂ ದತ್ತಿ ಬಿಟ್ಟಿದ್ದರಂತೆ. ಕನ್ನಡ ಮೇಷ್ಟ್ರಿಗೆ ಅದು ತಮ್ಮದೇ ಕುಲದ ಹಿರಿಯರ ಸುದ್ದಿ. ಆ ಹೆಮ್ಮೆ ಅವರ ದನಿಯಲ್ಲಿತ್ತು.

ಇದೆಲ್ಲ ನಡೆದು ಬಹಳ ವರ್ಷಗಳಾದವು. ಆಮೇಲೆ ಚಿತ್ರದುರ್ಗದ ಚಂದ್ರವಳ್ಳಿಗೆ ಹೋದಾಗ ಅಲ್ಲಿಯ ಬಂಡೆಯ ಎದುರು ನಿಂತು ನನಗೆ ಮೈ ನವಿರೆದ್ದಿತು. 1929ರಲ್ಲಿ ಎಂ. ಎಚ್. ಕೃಷ್ಣ ಅವರು ಅಲ್ಲಿ ಪತ್ತೆ ಮಾಡಿದ ಪ್ರಾಕೃತದ ಸಣ್ಣ ಶಾಸನ, ಮೂರೇ ಸಾಲು, ಸಾಕ್ಷಾತ್ ಮಯೂರಶರ್ಮನದು. ತಾಳಗುಂದದಲ್ಲಿ ಅವನ ಬಗ್ಗೆ ವಂಶಜರು ಮಾತಾಡುತ್ತಾರೆ, ಇಲ್ಲಿ ಅವನ ಕಾಲದ ಮಾತೇ ಕಲ್ಲಿನ ಮೇಲಿದೆ. ಅದರ ವಿಷಯವೇನು ಗೊತ್ತೇ? ಕದಂಬರ ಮಯೂರಶರ್ಮ ಕಟ್ಟಿಸಿದ ಕೆರೆ. ಕತ್ತಿ ಹಿಡಿದವನೆಂದು ನಾವು ಹಾಡಿ ಹೊಗಳಿದ ಮನುಷ್ಯ ತನ್ನ ಹೆಸರನ್ನು ಬರೆಸಲು ಆರಿಸಿಕೊಂಡದ್ದು ಕೆರೆಯ ದಂಡೆಯನ್ನು. ಅವನ ನಂತರ ಕಾಕುಸ್ಥವರ್ಮ ಮಾಡಿದ್ದೂ ಅದನ್ನೇ. ಇಷ್ಟಾದ ಮೇಲೂ ನಮ್ಮ ನಾಟಕ, ಸಿನಿಮಾ, ಭಾಷಣ, ಬನವಾಸಿಯ ಕದಂಬೋತ್ಸವದ ಮೆರವಣಿಗೆ ಎಲ್ಲವೂ ಕತ್ತಿ ಹಿರಿದ ಆ ಒಂದು ಪದ್ಯದಲ್ಲೇ ನಿಂತುಬಿಟ್ಟಿವೆ. ಆ ಪದ್ಯ ದೊಡ್ಡದು, ನಿಜ. ಆದರೆ ಕಂಬಕ್ಕೆ ಎಂಟು ಮುಖವಿದೆ.

ತಾಳಗುಂದದ ನೆಲ ಇನ್ನೂ ಮಾತಾಡುತ್ತಿದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 2013ರಲ್ಲಿ ಪ್ರಣವೇಶ್ವರ ದೇವಾಲಯದ ಆವರಣದಲ್ಲಿ ಅಗೆದಾಗ ಮೆಟ್ಟಿಲ ಪಕ್ಕದ ಸಿಂಹಕಟಾಂಜನದ ಮೇಲೆ ಹಳೆಯ ಬರಹ ಸಿಕ್ಕಿತು. ಅದು ಕ್ರಿ.ಶ. 370ರ ಹೊತ್ತಿನದು, ಹಲ್ಮಿಡಿ ಶಾಸನಕ್ಕಿಂತ ಹಿಂದಿನದು, ಅದರಲ್ಲಿ ಕನ್ನಡವಿದೆ ಎಂದು ಅದನ್ನು ಓದಿದ ವಿದ್ವಾಂಸರು ವಾದಿಸಿದರು. ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು, ಕಂಬ ನೋಡಲು ಹೋಗುವವರೂ ಹೆಚ್ಚಿದರು. ಒಳ್ಳೆಯದೇ.

ಹೋಗುವವರಿಗೆ ನನ್ನದೊಂದು ಕೋರಿಕೆ. ಮಕ್ಕಳನ್ನು ಕರೆದುಕೊಂಡು ಹೋಗಿ. ಬೆಳಿಗ್ಗೆ ಬೇಗ, ಇಲ್ಲವೇ ಸಂಜೆ ಹೋಗಿ. ಬಳ್ಳಿಗಾವಿ ನೋಡಿ ದಣಿದೆವೆಂದು ತಾಳಗುಂದವನ್ನು ಬಿಡಬೇಡಿ. ಕಂಬದ ಎದುರು ನಿಂತು ಫೋಟೋ ತೆಗೆಸಿಕೊಂಡು ವಾಪಸಾಗದೆ, ಅನುವಾದದ ಪ್ರತಿಯೊಂದನ್ನು ಕೈಯಲ್ಲಿ ಹಿಡಿದು ಒಂದು ಸುತ್ತು ಪೂರ್ತಿ ಬನ್ನಿ. ಮುಟ್ಟಬೇಡಿ, ಸೀಮೆಸುಣ್ಣದಿಂದ ಅಕ್ಷರ ತಿದ್ದಬೇಡಿ, ಎಣ್ಣೆ ಕುಂಕುಮ ಹಚ್ಚಬೇಡಿ.

ಇನ್ನೊಂದು ಮಾತು ನಿಮ್ಮ ನಿಮ್ಮ ಊರಿನದು. ನಮ್ಮ ನಾಡಿನ ಕೆರೆ ಏರಿಗಳ ಮೇಲೆ, ತೂಬುಗಳ ಬಳಿ, ಬೇವಿನ ಕಟ್ಟೆಗಳಲ್ಲಿ ಬರಹವಿರುವ ಕಲ್ಲುಗಳು ಈಗಲೂ ಇವೆ. ಕೆಲವು ಬಟ್ಟೆ ಒಗೆಯುವ ಹಾಸುಗಲ್ಲಾಗಿವೆ, ಕೆಲವು ಸುಣ್ಣದ ಅಡಿಯಲ್ಲಿವೆ, ಕೆಲವನ್ನು ರಸ್ತೆ ಅಗಲ ಮಾಡುವಾಗ ಜೆಸಿಬಿ ಎತ್ತಿ ಎಸೆದಿದೆ. ಅಂಥ ಕಲ್ಲು ಕಣ್ಣಿಗೆ ಬಿದ್ದರೆ ಅಲ್ಲಿಂದ ಕದಲಿಸಬೇಡಿ. ನೀರು ಹಾಕಿ ಮೆಲ್ಲಗೆ ಮಣ್ಣು ತೊಳೆದು, ಓರೆ ಬಿಸಿಲಿನಲ್ಲಿ ಫೋಟೋ ತೆಗೆದು, ಜಿಲ್ಲೆಯ ಪುರಾತತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ಅದನ್ನು ತಲುಪಿಸಿ. ಆ ಕಲ್ಲು ಕೆರೆ ಕಟ್ಟಿಸಿದ ಯಾರದ್ದೋ ಹೆಸರು ಹೊತ್ತಿದ್ದರೆ, ಆ ಕೆರೆಯ ಹೂಳೆತ್ತುವ ಕೆಲಸಕ್ಕೂ ನಾಲ್ಕು ಜನರನ್ನು ಸೇರಿಸಿ.